ಥರ್ಮೋಮಿಕ್ಸ್ ಟಿಎಂ6: ಮೊದಲ ಡೆಮೊಗೆ ಮುಂಚೆ ನನ್ನ ಅಡುಗೆಮನೆಯಲ್ಲಿ ನಡೆದದ್ದು

ಈ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಮೆಲ್ಬರ್ನ್ ಹೊರವಲಯದ ಟಾರ್ನೀಟ್‌ನ ನಮ್ಮ ಮನೆಗೆ ಆರು ಜನ ಬರುತ್ತಾರೆ. ಅವರ ಮುಂದೆ ನಾನು ಥರ್ಮೋಮಿಕ್ಸ್ ಅನ್ನುವ ಅಡುಗೆ ಯಂತ್ರ ಇಟ್ಟು ಅಡುಗೆ ಮಾಡಿ ತೋರಿಸಬೇಕು. ಇಷ್ಟವಾದರೆ ಕೊಳ್ಳುತ್ತಾರೆ, ನನಗೆ ಕಮಿಷನ್ ಬರುತ್ತದೆ. ಆಗದಿದ್ದರೆ ಊಟ ಮಾಡಿಕೊಂಡು ಹೋಗುತ್ತಾರೆ. ಕೆಲಸದ ಹೆಸರು ಕನ್ಸಲ್ಟೆಂಟ್. ಸಂಬಳ ಇಲ್ಲ.

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ಇದು ಮಾರುವವಳು ಬರೆದ ವಿಮರ್ಶೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನೀವು ಅಂದುಕೊಂಡರೆ ತಪ್ಪೇನಿಲ್ಲ. ಆದರೆ ಮೂರು ವಾರದಿಂದ ದಿನಾ ರಾತ್ರಿ ಮಕ್ಕಳು ಮಲಗಿದ ಮೇಲೆ ಈ ಯಂತ್ರದ ಜೊತೆ ಗುದ್ದಾಡಿದ್ದೇನೆ. ನಮ್ಮ ಅಡುಗೆಗೆ ಇದು ಎಲ್ಲಿ ಒದಗುತ್ತದೆ, ಎಲ್ಲಿ ಒದಗುವುದಿಲ್ಲ ಅನ್ನುವುದು ಗೊತ್ತಾಗಿದೆ. ಅದನ್ನು ಬರೆದಿಡೋಣ ಅನ್ನಿಸಿತು.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಜರ್ಮನಿಯ ವುಪರ್ಟಾಲ್ ಊರಿನ ಫೋರ್ವೆರ್ಕ್ ಕಂಪನಿಯದು. 1883ರಲ್ಲಿ ಕಾರ್ಪೆಟ್ ನೇಯಲು ಶುರು ಮಾಡಿದವರು ಇವರು. ಇದರ ಮೊದಲ ಮಾಡೆಲ್ ವಿಎಂ 2000 ಬಂದಿದ್ದು 1971ರಲ್ಲಿ, ಅಂದರೆ ವಯಸ್ಸಿನಲ್ಲಿ ಇದು ನನಗೆ ಅಕ್ಕ. ನನ್ನ ಹತ್ತಿರ ಇರುವುದು 2019ರಲ್ಲಿ ಬಂದ ಟಿಎಂ6. ಒಂದೇ ಸ್ಟೀಲ್ ಪಾತ್ರೆ. ಅದೇ ತೂಗುತ್ತದೆ, ಹೆಚ್ಚುತ್ತದೆ, ರುಬ್ಬುತ್ತದೆ, ಬೇಯಿಸುತ್ತದೆ, ಬೇಯಿಸುವಾಗ ಕೈಯಾಡಿಸುತ್ತಲೂ ಇರುತ್ತದೆ. 2023ರಲ್ಲಿ ಇದರ ಬೆಲೆ ಎರಡು ಸಾವಿರ ಆಸ್ಟ್ರೇಲಿಯನ್ ಡಾಲರಿಗಿಂತ ಜಾಸ್ತಿ. ತಿಪಟೂರಿನಲ್ಲಿರುವ ಅಮ್ಮನಿಗೆ ಫೋನಿನಲ್ಲಿ ರೂಪಾಯಿ ಲೆಕ್ಕ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅದಕ್ಕೆ ಒಂದು ಹಸು ಬರ್ತಿತ್ತಲ್ಲೇ" ಅಂದರು.

ಇಲ್ಲಿ ಥರ್ಮೋಮಿಕ್ಸ್ ಡೆಮೊ ಅಂದರೆ ಜನ ಎದುರು ನೋಡುವ ಕೆಲವು ತಿಂಡಿಗಳಿವೆ. ಹಣ್ಣಿನ ಸೋರ್ಬೆ (ಹಾಲಿಲ್ಲದ ಐಸ್‌ಕ್ರೀಮಿನಂಥದ್ದು), ಬೀಟ್ರೂಟ್ ಸಲಾಡ್, ಬ್ರೆಡ್ಡಿನ ಹಿಟ್ಟು, ಅಣಬೆ ರಿಸೊಟ್ಟೊ (ಇಟಲಿಯವರ ಮೆತ್ತನೆಯ ಅನ್ನ). ಆಸ್ಟ್ರೇಲಿಯನ್ನರ ಮನೆಗೆ ಹೇಳಿ ಮಾಡಿಸಿದ ಪಟ್ಟಿ. ನನ್ನ ಆರು ಜನರ ಮುಂದೆ ಇದನ್ನು ಹಿಡಿದರೆ ಕಥೆ ಮುಗಿಯಿತು. ಇಬ್ಬರು ಮೊಟ್ಟೆ ಮುಟ್ಟುವುದಿಲ್ಲ. ಒಬ್ಬರು ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ. ಸೋರ್ಬೆ ನೊರೆ ನೊರೆಯಾಗಿ ಬರಲಿ ಅಂತ ಎಷ್ಟೋ ಜನ ಮೊಟ್ಟೆಯ ಬಿಳಿ ಹಾಕುತ್ತಾರೆ. ರಿಸೊಟ್ಟೊಗೆ ವೈನ್ ಬೇಕು, ಪಾರ್ಮೆಸಾನ್ ಚೀಸ್ ಬೇಕು. ಅಸಲಿ ಪಾರ್ಮೆಸಾನ್ ಮಾಡಲು ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಇದನ್ನು ಬಾಯಿ ಬಿಟ್ಟು ಹೇಳದೆ ಬಡಿಸುವುದು ನನ್ನಿಂದ ಆಗದ ಕೆಲಸ. ಹೇಳಿದರೆ ಯಾರೂ ತಿನ್ನುವುದಿಲ್ಲ.

ಅದಕ್ಕೇ ಪಟ್ಟಿಯನ್ನು ಪೂರ್ತಿ ಬದಲಾಯಿಸಿದೆ. ಮಾವಿನ ಹಣ್ಣಿನ ಸೋರ್ಬೆ, ಬೀಟ್ರೂಟ್ ಕ್ಯಾರೆಟ್ ಕೋಸಂಬರಿ, ಖಾರ ಪೊಂಗಲ್, ಗಸಗಸೆ ಪಾಯಸ. ಈ ಪಟ್ಟಿ ಗಟ್ಟಿಯಾಗುವುದಕ್ಕೆ ಮೂರು ವಾರ ಬೇಕಾಯಿತು.

ಸೋರ್ಬೆಯಲ್ಲಿ ನಾನು ಕಲಿತ ದೊಡ್ಡ ಪಾಠ ಅಡುಗೆಯದಲ್ಲ, ಸರದಿಯದು. ಮೊದಲ ವಾರ ಒಂದು ಸಂಜೆ ಉಮೇದಿನಲ್ಲಿ ಸಾರಿನ ಪುಡಿ ಮಾಡಿದೆ. ಕೊತ್ತಂಬರಿ, ಮೆಂತ್ಯ, ಬ್ಯಾಡಗಿ ಮೆಣಸಿನಕಾಯಿ, ಇಂಗು. ಘಮಘಮ ಬಂತು. ಪಾತ್ರೆಯನ್ನು ಸುಮ್ನೆ ನೀರಿನಲ್ಲಿ ಗಲಬರಿಸಿ, ಅದರಲ್ಲೇ ಸೋರ್ಬೆಗೆ ಸಕ್ಕರೆ ಪುಡಿ ಮಾಡಲು ಹೋದೆ. ಪಾತ್ರೆ ಒದ್ದೆ, ಸಕ್ಕರೆ ಗೋಡೆಗೆ ಅಂಟಿತು. ಮಾವಿನ ಸೋರ್ಬೆಗೆ ಇಂಗಿನ ಪರಿಮಳ! ದೊಡ್ಡ ಮಗಳು ಒಂದು ಚಮಚ ತಿಂದು, "ಅಮ್ಮಾ, ಇದು ಸಾರಾ?" ಅಂದಳು. ತಪ್ಪು ಪೂರ್ತಿ ನನ್ನದೇ. ಈಗ ಸೋರ್ಬೆಯೇ ಮೊದಲು. ಪಾತ್ರೆ ಒಣಗಿರಬೇಕು. ಸಕ್ಕರೆ ಹತ್ತನೇ ವೇಗದಲ್ಲಿ ಹದಿನೈದು ಸೆಕೆಂಡಿಗೆ ಹಿಟ್ಟಾಗುತ್ತದೆ. ಆಮೇಲೆ ಫ್ರೀಜರಿನಿಂದ ತೆಗೆದ ಮಾವಿನ ಹೋಳು, ನಿಂಬೆರಸ. ಸ್ಪ್ಯಾಚುಲಾದಿಂದ ಮೇಲಿನಿಂದ ಒತ್ತುತ್ತಾ ಇರಬೇಕು, ಇಲ್ಲದಿದ್ದರೆ ಹೋಳುಗಳು ಒಂದು ಕಡೆ ಗಂಟು ಬೀಳುತ್ತವೆ. ಬ್ಲೇಡಿನ ಸದ್ದು ಬದಲಾದರೆ ಆಯಿತು ಅಂತ ಅರ್ಥ. ಇದು ಓದಿ ಬರುವುದಿಲ್ಲ, ಕೇಳಿ ಬರಬೇಕು.

ಕೋಸಂಬರಿ ಐದು ಸೆಕೆಂಡಿನ ಕೆಲಸ. ಬೀಟ್ರೂಟ್, ಕ್ಯಾರೆಟ್ ದೊಡ್ಡ ತುಂಡು, ಐದನೇ ವೇಗ, ಐದೇ ಸೆಕೆಂಡು. ನೆನೆದ ಹೆಸರುಬೇಳೆ, ಕಾಯಿತುರಿ ಆಮೇಲೆ ಕೈಯಲ್ಲಿ ಬೆರೆಸುವುದು. ನಾನೊಮ್ಮೆ ಫೋನ್ ಎತ್ತಲು ತಿರುಗಿದೆ, ಹತ್ತು ಸೆಕೆಂಡಾಯಿತು, ಚಟ್ನಿಯಾಯಿತು. ಮೊಸರು ಬೆರೆಸಿ ಬಜ್ಜಿ ಅಂತ ಬಡಿಸಿ ಮರ್ಯಾದೆ ಉಳಿಸಿಕೊಂಡೆ. ಒಗ್ಗರಣೆ ಮಾತ್ರ ಒಲೆಯ ಮೇಲೆ, ಸೌಟಿನಲ್ಲಿ. ನಾವೇ ಕಾವು ಗೊತ್ತು ಮಾಡಿಕೊಂಡು ಬೇಯಿಸುವಾಗ ಈ ಯಂತ್ರ 120 ಡಿಗ್ರಿಯವರೆಗೆ ಹೋಗುತ್ತದೆ. ಅದರೊಳಗೇ ಇರುವ ಕೆಲವು ರೆಸಿಪಿಗಳಲ್ಲಿ 160ಕ್ಕೂ ಏರುತ್ತದೆ. ಆದರೆ ಸಾಸಿವೆ ಚಟಪಟ ಅಂದು, ಕರಿಬೇವು ಛಟ್ ಅಂತ ಸಿಡಿದು, ಆ ವಾಸನೆ ನಡುಮನೆಯವರೆಗೆ ಬರಬೇಕಲ್ಲ, ಅದು ಕಾದ ಎಣ್ಣೆಯ ಕೆಲಸ. ನನಗೆ ಹೇಳಿಕೊಟ್ಟವರು ಡೆಮೊ ಮುಗಿಯುವವರೆಗೆ ಒಲೆ ಹಚ್ಚಬೇಡ ಅಂದಿದ್ದರು. ನಾನು ಹಚ್ಚುತ್ತೇನೆ. ಒಗ್ಗರಣೆಯಿಲ್ಲದ ಕೋಸಂಬರಿ ಕೊಟ್ಟು ಕನ್ನಡದ ಹೆಂಗಸರಿಗೆ ಏನನ್ನಾದರೂ ಮಾರಲು ಆಗುತ್ತದಾ?

ಪೊಂಗಲ್‌ಗೆ ಬಂದಿದ್ದು ಬಿಸಿಬೇಳೆಬಾತ್ ಕೈಕೊಟ್ಟ ಮೇಲೆ. ತೊಗರಿಬೇಳೆ ನೆನೆಸದೆ ಹಾಕಿದ್ದೆ. ಕುಕ್ಕರಿನಲ್ಲಿ ಒತ್ತಡ ಇರುವುದರಿಂದ ಒಳಗಿನ ನೀರು 120 ಡಿಗ್ರಿಯ ಹತ್ತಿರ ಹೋಗುತ್ತದೆ. ಇಲ್ಲಿ ಒತ್ತಡ ಇಲ್ಲ, ನೀರು ಕುದಿಯುವುದು ನೂರಕ್ಕೇ. ನಲವತ್ತು ನಿಮಿಷವಾದರೂ ಬೇಳೆ ಕಾಳು ಕಾಳಾಗಿ ನಗುತ್ತಿತ್ತು. ಹೆಸರುಬೇಳೆಗೆ ಈ ತಕರಾರಿಲ್ಲ. ಇನ್ನೂರು ಗ್ರಾಂ ಅಕ್ಕಿ, ನೂರೈವತ್ತು ಗ್ರಾಂ ಹುರಿದ ಹೆಸರುಬೇಳೆ, ಒಂದೂಕಾಲು ಲೀಟರ್ ನೀರು, ನೂರು ಡಿಗ್ರಿ, ಇಪ್ಪತ್ತೈದು ನಿಮಿಷ. ವೇಗ ಒಂದು, ಬ್ಲೇಡು ಉಲ್ಟಾ. ಉಲ್ಟಾ ತಿರುಗಿದರೆ ಬ್ಲೇಡಿನ ಮೊಂಡು ಕಡೆ ಮುಂದೆ ಬರುತ್ತದೆ. ಆಗ ಅದು ಕತ್ತರಿಸುವುದಿಲ್ಲ, ಬರೀ ಕೈಯಾಡಿಸುತ್ತದೆ. ಬೇಳೆ ನೊರೆ ಉಕ್ಕುತ್ತದೆ. ಅದಕ್ಕೆ ಮುಚ್ಚಳದ ತೂತಿಗೆ ಅಳತೆ ಬಟ್ಟಲು ಇಡುವ ಬದಲು ಮೇಲೆ ಜಾಲರಿ ಬುಟ್ಟಿ ಕವುಚಿಡಬೇಕು. ಹಬೆ ಹೋಗುತ್ತದೆ, ಗೋಡೆಗೆ ಸಿಡಿಯುವುದಿಲ್ಲ. ಇಷ್ಟು ಮಾಡಿದರೆ ಅಡಿ ಹಿಡಿಯದ, ಮುದ್ದೆಯೂ ಆಗದ ಪೊಂಗಲ್. ಮೆಣಸು, ಜೀರಿಗೆ, ತುಪ್ಪ, ಗೋಡಂಬಿ ಮತ್ತೆ ಒಲೆಯಿಂದಲೇ.

ಈಗ ಗಸಗಸೆ ಪಾಯಸಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಈ ಯಂತ್ರದ ಬೆಲೆ ಇರುವುದು ಇಲ್ಲಿ. ಅಮ್ಮ ಇದನ್ನು ಮಾಡುವಾಗ ಬಾಣಲೆ, ಒರಳು, ಪಾತ್ರೆ, ಮೂರೂ ಬೇಕಿತ್ತು. ಅದಾದ ಮೇಲೆ ಒಲೆಯ ಮುಂದೆ ಅಲುಗಾಡದೆ ನಿಲ್ಲಬೇಕಿತ್ತು. ಗಸಗಸೆ ಅಕ್ಕಿ ರುಬ್ಬಿದ್ದು ಒಂದು ಕ್ಷಣ ಬಿಟ್ಟರೆ ತಳ ಹಿಡಿಯುತ್ತದೆ. ಇಲ್ಲಿ ಗಸಗಸೆ ಮತ್ತು ಒಂದು ಹಿಡಿ ಅಕ್ಕಿಯನ್ನು ಅದೇ ಪಾತ್ರೆಯಲ್ಲಿ ತೂಗಿ, 120 ಡಿಗ್ರಿಯಲ್ಲಿ ಬೆಚ್ಚಗೆ ಮಾಡಿ, ಆರಿದ ಮೇಲೆ ಪುಡಿ ಮಾಡಿ, ಕಾಯಿತುರಿ ನೀರು ಹಾಕಿ ನುಣ್ಣಗೆ ರುಬ್ಬಿ, ಬೆಲ್ಲ ಹಾಕಿ 90 ಡಿಗ್ರಿಗೆ ಬಿಟ್ಟೆ. ಹನ್ನೆರಡು ನಿಮಿಷ. ಆ ಹನ್ನೆರಡು ನಿಮಿಷ ನಾನು ಕುರ್ಚಿಯಲ್ಲಿ ಕೂತಿದ್ದೆ. ಸುಮ್ನೆ ಕೂತಿದ್ದೆ. ಪಾಯಸ ಆಗುವಾಗ ಅಡುಗೆಮನೆಯಲ್ಲಿ ಕೂತಿದ್ದು ನನ್ನ ಜೀವನದಲ್ಲೇ ಮೊದಲು. ಕೊನೆಗೆ ಏಲಕ್ಕಿ, ಬಿಸಿ ಹಾಲು. ಅಮ್ಮನ ಪಾಯಸದಷ್ಟು ಚೆನ್ನಾಗಿತ್ತಾ? ಇಲ್ಲ. ಅದು ಯಂತ್ರದ ಕುಂದಲ್ಲ, ಇಲ್ಲಿ ಸಿಗುವ ಫ್ರೋಜನ್ ಕಾಯಿತುರಿಯದು. ತಿಪಟೂರಿನವಳಿಗೆ ಆ ಪ್ಯಾಕೆಟ್ ಒಡೆಯುವಾಗೆಲ್ಲ ಹೊಟ್ಟೆ ಉರಿಯುತ್ತದೆ.

ಗಸಗಸೆಯ ಬಗ್ಗೆ ಒಂದು ಮಾತು. 2022ರ ನವೆಂಬರಿನಲ್ಲಿ ಇಲ್ಲಿ ತಿನ್ನಲು ಯೋಗ್ಯವಲ್ಲದ ಗಸಗಸೆ ಅಂಗಡಿಗಳಿಗೆ ಬಂದು, ಜನ ಆಸ್ಪತ್ರೆ ಸೇರಿ, ದೇಶದ ತುಂಬ ಪ್ಯಾಕೆಟ್‌ಗಳನ್ನು ವಾಪಸ್ ಪಡೆದಿದ್ದರು. ನಾನಿದನ್ನು ಬರೆಯುತ್ತಿರುವ ಜುಲೈ 2023ರಲ್ಲೂ ಆ ಹೆದರಿಕೆ ಪೂರ್ತಿ ಹೋಗಿಲ್ಲ. ಹೊಸ ಪ್ಯಾಕೆಟನ್ನು ಎಲ್ಲರ ಮುಂದೆಯೇ ಒಡೆಯುತ್ತೇನೆ.

ಇನ್ನೊಂದು ಪ್ರಶ್ನೆಗೂ ಉತ್ತರ ತಯಾರು ಮಾಡಿಕೊಂಡಿದ್ದೇನೆ. ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, "ಇದರ ಮುಚ್ಚಳ ಹಾರಿ ಜನ ಸುಟ್ಟುಕೊಂಡಿದ್ದರಂತಲ್ಲ?" ನಿಜ. ಅದು ಹಳೆಯ ಟಿಎಂ31 ಮಾಡೆಲ್ ವಿಷಯ. ಗ್ರಾಹಕ ಕಾನೂನು ಮುರಿದಿದ್ದಕ್ಕೆ 2018ರಲ್ಲಿ ಇಲ್ಲಿನ ಫೆಡರಲ್ ಕೋರ್ಟ್ ಆಸ್ಟ್ರೇಲಿಯಾದಲ್ಲಿ ಇದನ್ನು ಮಾರುತ್ತಿದ್ದ ಕಂಪನಿಗೆ 46 ಲಕ್ಷ ಡಾಲರಿಗೂ ಮಿಕ್ಕಿ ದಂಡ ಹಾಕಿತು. ಟಿಎಂ6ರಲ್ಲಿ ಎರಡು ಕಡೆಯ ತೋಳುಗಳು ಮುಚ್ಚಳವನ್ನು ತಾವೇ ಹಿಡಿದುಕೊಳ್ಳುತ್ತವೆ. ಬ್ಲೇಡು ನಿಲ್ಲುವವರೆಗೆ ಬಿಡುವುದಿಲ್ಲ. ಇಷ್ಟನ್ನೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಮುಚ್ಚಿಟ್ಟು ಮಾರಿದರೆ ನಾಳೆ ಯುಗಾದಿ ಕಾರ್ಯಕ್ರಮದಲ್ಲಿ ಅದೇ ಮುಖ ನೋಡಬೇಕಲ್ಲ.

ಯಾರಿಗೆ ಬೇಡ ಅಂತಲೂ ಹೇಳಬೇಕು. ಪಾತ್ರೆ 2.2 ಲೀಟರ್. ನಾಲ್ಕು ಜನರ ಮನೆಗೆ ಸರಿ. ಎಂಟು ಜನರಿಗೆ ಹುಳಿ ಮಾಡಬೇಕೆಂದರೆ ಎರಡು ಸಲ ಮಾಡಬೇಕು. ಒಬ್ಬರಿಗಾಗುವಷ್ಟು ಚಟ್ನಿಗೆ ಮಿಕ್ಸಿಯ ಸಣ್ಣ ಜಾರೇ ಸೈ. ದೋಸೆ ಹಿಟ್ಟಿಗೆ ನಾನು ಊರಿನಿಂದ ತಂದ ಗ್ರೈಂಡರ್ ಬಿಡುವುದಿಲ್ಲ. ಬ್ಲೇಡು ಯಾವುದೇ ಇರಲಿ, ಉದ್ದಿನ ಹಿಟ್ಟನ್ನು ಬಿಸಿ ಮಾಡುತ್ತದೆ. ಕಲ್ಲು ಉಬ್ಬಿಸುವ ಹಾಗೆ ಅದು ಉಬ್ಬಿಸಲಾರದು. ಆದರೆ ಹಿಟ್ಟು ಹುಳಿ ಬರಿಸಲು ಇದು ಒಳ್ಳೆಯದು. ಮೆಲ್ಬರ್ನ್‌ನ ಜುಲೈ ಚಳಿಯಲ್ಲಿ ಇಡ್ಲಿ ಹಿಟ್ಟು ಎರಡು ದಿನವಾದರೂ ಏಳುವುದಿಲ್ಲ ಅಂತ ಅಳದ ಕನ್ನಡದವರನ್ನು ನಾನು ಕಂಡಿಲ್ಲ. ರಾತ್ರಿ 37 ಡಿಗ್ರಿಗೆ ಇಟ್ಟು ಮಲಗಿದೆ, ಬೆಳಿಗ್ಗೆ ಹಿಟ್ಟು ಮುಚ್ಚಳ ಮುಟ್ಟಿತ್ತು. ಇಡ್ಲಿ ಸ್ಟ್ಯಾಂಡು ಯಂತ್ರದ ಮೇಲಿಡುವ ಹಬೆ ತಟ್ಟೆಗೆ ಹಿಡಿಸುವುದಿಲ್ಲ. ಸಣ್ಣ ಸ್ಟೀಲ್ ತಟ್ಟೆಯಲ್ಲಿ ಹೊಯ್ದರೆ ತಟ್ಟೆ ಇಡ್ಲಿ ಆಗುತ್ತದೆ. ತುಮಕೂರು ಸೀಮೆಯವಳಿಗೆ ಅದೇ ಬೇಕಿತ್ತು.

ತಯಾರಿಯಲ್ಲಿ ಅಡುಗೆಗಿಂತ ತಲೆ ತಿಂದಿದ್ದು ಮೇಜು. ಯಂತ್ರವನ್ನು ಅಂಚಿನಿಂದ ಒಳಗೆ ಇಡಬೇಕು, ಹಿಟ್ಟು ನಾದುವಾಗ ಅದು ಮೆಲ್ಲಗೆ ಜರುಗುತ್ತದೆ. ಅದರ ಕಾಲಲ್ಲೇ ತಕ್ಕಡಿ ಇದೆ, ಎಳೆದಾಡಬಾರದು, ಎತ್ತಿ ಇಡಬೇಕು. ವೈರ್ ಬಿಗಿಯಾಗಿದ್ದರೆ ತೂಕ ತಪ್ಪುತ್ತದೆ. ಬಾಗಿಲ ಹತ್ತಿರದ ಪ್ಲಗ್ ಬಿಟ್ಟು ಕಿಟಕಿಯ ಕಡೆಗೆ ಬಂದೆ. ಅಲ್ಲಿ ಬೆನ್ನು ತಿರುಗಿಸದೆ ಮಾತಾಡಬಹುದು.

ಆಹ್ವಾನದಲ್ಲಿ ನೇರವಾಗಿ ಬರೆದಿದ್ದೇನೆ: "ಇದು ಮಾರಾಟದ ಡೆಮೊ. ಕೊಳ್ಳಲೇಬೇಕು ಅಂತಿಲ್ಲ. ಊಟ ಇದೆ." ಹಿಂದೊಮ್ಮೆ ನನ್ನನ್ನು ಯಾರೋ ಟೀಗೆ ಕರೆದು ಯಾವುದೋ ಸ್ಕೀಮಿನ ಫಾರಂ ಮುಂದಿಟ್ಟಿದ್ದರು. ಆ ಟೀ ಇನ್ನೂ ಗಂಟಲಲ್ಲಿದೆ. ಎಂಟು ಜನರಿಗೆ ಕಳಿಸಿದ್ದೆ, ಇಬ್ಬರು ಬರುವುದಿಲ್ಲ ಅಂದರು. ಪರವಾಗಿಲ್ಲ, ಪೊಂಗಲ್ ಲೆಕ್ಕ ಆರಕ್ಕೇ ಸರಿಯಾಗಿದೆ.

ನಿನ್ನೆ ಅವರಲ್ಲಿ ಒಬ್ಬರು ಮೆಸೇಜ್ ಮಾಡಿದ್ದರು: "ಎಲ್ಲಾ ಸರಿ, ಕಾಫಿ ಇದೆಯಾ?" ಫಿಲ್ಟರ್ ತೊಳೆದು ಬೋರಲು ಹಾಕಿದ್ದೇನೆ. ಡಿಕಾಕ್ಷನ್ ಅದರಲ್ಲೇ ಇಳಿಯಬೇಕು.