ಮಂಡಿಪೇಟೆ ಕಡೆಯ ಹಳೇ ರೆಕಾರ್ಡ್ ಅಂಗಡಿ

ಮೆರವಣಿಗೆಗೆ ಡಿಜೆ ಹಾಕುವುದು ನನ್ನ ಕೆಲಸ. ರಾತ್ರಿ ಮನೆಗೆ ಬಂದಾಗ ಕಿವಿ ಗುಂಯ್ ಅನ್ನುತ್ತಿರುತ್ತದೆ, ಬೇಸ್ ಅಂದರೆ ಸಾಕಪ್ಪಾ ಅನಿಸುತ್ತದೆ, ಆಗ ನನಗೆ ಬೇಕಾಗುವುದು ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ, ಅಂದರೆ ಹಾಡಿನ ದೊಡ್ಡ ಪ್ಲಾಸ್ಟಿಕ್ ರೆಕಾರ್ಡ್. ದಾವಣಗೆರೆ ಮಂಡಿಪೇಟೆ ಹತ್ತಿರದ ಗಲ್ಲಿಯ ಹಳೇ ಸಾಮಾನಿನ ಅಂಗಡಿಯಲ್ಲಿ ಮೂರು ರೆಕಾರ್ಡ್ ಸಿಕ್ಕವು.

ಬೆಲೆ ಪರವಾಗಿಲ್ಲ. ಆದರೆ ಅಲ್ಲಿ ರೆಕಾರ್ಡ್‌ಗಳನ್ನು ತಟ್ಟೆಗಳ ಹಾಗೆ ಒಂದರ ಮೇಲೊಂದು ಪೇರಿಸಿಟ್ಟಿದ್ದಾರೆ, ಪುಸ್ತಕದಂತೆ ನಿಲ್ಲಿಸಿಡಬೇಕು ಅಲ್ವಾ, ಇಲ್ಲದಿದ್ದರೆ ಭಾರಕ್ಕೆ, ಬಿಸಿಲಿಗೆ ಸೊಟ್ಟಗಾಗುತ್ತವೆ. ನನ್ನ ಒಂದು ರೆಕಾರ್ಡ್ ಹಾಗೇ ಆಗಿತ್ತು, ಪ್ಲೇಯರಿನ ಮುಳ್ಳು, ಹಂಪ್ ದಾಟುವ ಆಟೋದಂತೆ, ಏಳುತ್ತಾ ಬೀಳುತ್ತಾ ಓಡಿತು. ವಾಪಸ್ ಒಯ್ದೆ. "ತಗೊಳ್ಳಿ ಅಣ್ಣಾ, ಬೇರೆ ಆರಿಸಿಕೊಳ್ಳಿ" ಅಂದರು, ತಕರಾರಿಲ್ಲ.

ಆರಿಸುವಾಗ ಟ್ಯೂಬ್‌ಲೈಟಿಗೆ ಓರೆ ಹಿಡಿದು ಗೀರು ನೋಡಿ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಅರಗಿನ ತಟ್ಟೆಗಳೂ ಇವೆ, ಅವಕ್ಕೆ ದಪ್ಪ ಮುಳ್ಳು ಬೇಕು, ಎಲ್‌ಪಿ ಮುಳ್ಳು ಸುಮ್ನೆ ಹಾಕಬೇಡಿ. ಎಲ್‌ಪಿಯ ಒಂದು ಮಗ್ಗುಲು ಸುಮಾರು 20 ನಿಮಿಷ. ಮುಗಿದಾಗ ಎದ್ದು ತಿರುವಿ ಹಾಕಬೇಕು, ನನಗೆ ಅದೇ ಇಷ್ಟ. ನಡುವೆ ಬರುವ ಚಟಪಟ ಸದ್ದು ಒಗ್ಗರಣೆ ಸಿಡಿದ ಹಾಗೆ ಕೇಳುತ್ತದೆ, ಹೆಂಡತಿ ಮಾತ್ರ ಇದಕ್ಕೂ ದುಡ್ಡು ಕೊಟ್ರಾ ಅನ್ನುತ್ತಾಳೆ.