ದನಿ ಸಿಕ್ಕಿತು, ಹೆಸರು ಸಿಗಲಿಲ್ಲ: ಒಂದು ಸಂಗೀತ ಆ್ಯಪ್‌ನೊಂದಿಗೆ ಹನ್ನೊಂದು ತಿಂಗಳು

ದಾವಣಗೆರೆಯಲ್ಲಿ ಕುಳಿತು ಯುರೋಪಿನ ಹಳೆಯ ಸಂಗೀತ ಕೇಳಬೇಕೆನ್ನುವವನಿಗೆ ಮೊದಲೆಲ್ಲ ಇದ್ದ ದಾರಿ ಒಂದೇ. ಬೆಂಗಳೂರಿಗೆ ಹೋಗುವವರ ಕೈಗೆ ಚೀಟಿ ಬರೆದುಕೊಡಬೇಕು, ಅವರು ತಂದ ಸಿ.ಡಿ.ಯನ್ನೇ ಪ್ರಸಾದವೆಂದು ತೆಗೆದುಕೊಳ್ಳಬೇಕು. ಮಂಡಿಪೇಟೆ ಕಡೆ ನಾನು ಕ್ಯಾಸೆಟ್ ಕೊಳ್ಳುತ್ತಿದ್ದ ಅಂಗಡಿಯಲ್ಲಿ ನಾಟಕದ ಹಾಡು, ವಚನ, ಭಕ್ತಿಗೀತೆ ಎಲ್ಲವೂ ಇದ್ದವು. ಜರ್ಮನಿಯ ಹಳೆಯ ಸಂಗೀತ ರಚನಕಾರ ಬಾಖ್‌ನದು ಇದೆಯೇ ಎಂದಾಗ ಅಂಗಡಿಯವರು ಅದು ಯಾವ ಸಿನಿಮಾ ಎಂದು ಕೇಳಿದ್ದರು. ಆದ್ದರಿಂದ ತಿಂಗಳಿಗೆ ನೂರ ಚಿಲ್ಲರೆ ರೂಪಾಯಿಗೆ ಲೋಕದ ಸಂಗೀತವೆಲ್ಲ ಫೋನಿನಲ್ಲಿ ಎಂದು ಒಂದು ಆ್ಯಪ್ ಹೇಳಿಕೊಂಡಾಗ ಹೆಚ್ಚು ಯೋಚಿಸದೆ ಚಂದಾ ಕಟ್ಟಿದೆ. ಹನ್ನೊಂದು ತಿಂಗಳು ಬಳಸಿದ ಮೇಲೆ ಅದರ ಬಗ್ಗೆ ಬರೆಯುತ್ತಿದ್ದೇನೆ. ಅದನ್ನು ನಾನು ಅಳೆದದ್ದು ಒಬ್ಬನೇ ಗಾಯಕನನ್ನು ಇಟ್ಟುಕೊಂಡು: ವಿಯೆನ್ನಾದ ಟೆನರ್ ಕುರ್ಟ್ ಎಕ್ವಿಲುಟ್ಸ್.

ಟೆನರ್ ಎಂದರೆ ಗಂಡುದನಿಗಳಲ್ಲಿ ಎತ್ತರದ್ದು. ಹಾಡಿನಲ್ಲೇ ನಡೆಯುವ ನಾಟಕವಾದ ಒಪೆರಾದಲ್ಲಿ ಆ ದನಿಯವನೇ ಸಾಮಾನ್ಯವಾಗಿ ನಾಯಕ, ಪ್ರೇಮಿ, ಚಪ್ಪಾಳೆಯ ಒಡೆಯ. 1929ರಲ್ಲಿ ಹುಟ್ಟಿ 2022ರಲ್ಲಿ ತೀರಿಕೊಂಡ ಎಕ್ವಿಲುಟ್ಸ್ ಅವರ ವೃತ್ತಿಜೀವನ ಈ ಲೆಕ್ಕಕ್ಕೆ ಸಿಗುವುದಿಲ್ಲ. ಬಾಲ್ಯದಲ್ಲಿ ವಿಯೆನ್ನಾದ ಪ್ರಸಿದ್ಧ ಬಾಲಕರ ಗಾಯನವೃಂದದಲ್ಲಿದ್ದವರು, ಮುಂದೆ ಅಲ್ಲಿನ ಸರಕಾರಿ ಒಪೆರಾದ ವೃಂದಗಾನಕ್ಕೆ ಸೇರಿ, 1957ರಿಂದ ಅದೇ ರಂಗದ ಮೇಲೆ ಚಿಕ್ಕಪುಟ್ಟ ಪಾತ್ರಗಳನ್ನು ಹಾಡಿಕೊಂಡು ಬಂದರು. ನಮ್ಮ ಊರಿನ ಕಂಪನಿ ನಾಟಕಗಳನ್ನು ನೋಡಿದವರಿಗೆ ಈ ಬಗೆಯ ಕಲಾವಿದರ ಪರಿಚಯವಿರುತ್ತದೆ. ಇಂದು ದೂತ, ನಾಳೆ ಮಂತ್ರಿ, ನಾಡಿದ್ದು ಹಾಸ್ಯಗಾರ, ಪೋಸ್ಟರಿನಲ್ಲಿ ಹೆಸರು ಮಾತ್ರ ಎಂದೂ ದಪ್ಪ ಅಕ್ಷರದಲ್ಲಿಲ್ಲ. ಅದೇ ಊರಿನಲ್ಲಿ ನಿಕೊಲಾಸ್ ಹಾರ್ನನ್‌ಕೂರ್ 1953ರಲ್ಲಿ ಒಂದು ತಂಡ ಕಟ್ಟಿ, ಹಳೆಯ ಸಂಗೀತವನ್ನು ಆ ಕಾಲದ ವಾದ್ಯಗಳಲ್ಲೇ, ಆ ಕಾಲದ ಕ್ರಮದಲ್ಲೇ ನುಡಿಸುವ ಪ್ರಯತ್ನಕ್ಕೆ ಇಳಿದಿದ್ದರು. ಆ ತಂಡಕ್ಕೆ ಗರ್ಜಿಸುವ ಟೆನರ್ ಬೇಕಿರಲಿಲ್ಲ, ಮಾತನ್ನು ಬಲ್ಲ ಟೆನರ್ ಬೇಕಿತ್ತು.

ಬಾಖ್‌ನ ಮ್ಯಾಥ್ಯೂ ಪ್ಯಾಶನ್‌ನಲ್ಲಿ ಯೇಸುವಿನ ಕೊನೆಯ ದಿನಗಳ ಕಥೆಯನ್ನು ಸುವಾರ್ತಿಕನ, ಅಂದರೆ ಬೈಬಲಿನಲ್ಲಿ ಆ ಕಥೆ ಬರೆದ ಮತ್ತಾಯನ, ಸ್ಥಾನದಲ್ಲಿ ನಿಂತು ಹೇಳುವವನು ಟೆನರ್. ಹರಿಕಥೆಯ ದಾಸರಂತೆ ಎಂದರೆ ಅರ್ಧ ಸರಿಯಾದೀತು. ದಾಸರು ತಾವೇ ರಾಮ, ತಾವೇ ರಾವಣ. ಇಲ್ಲಿ ಯೇಸುವಿನ ಮಾತಿಗೆ ಬೇರೊಬ್ಬ ಗಾಯಕ, ಅವನ ಶಿಷ್ಯ ಪೇತ್ರನ ಮಾತಿಗೆ ಇನ್ನೊಬ್ಬ. ಯೇಸು ಬಾಯಿ ತೆರೆದಾಗ ತಂತಿವಾದ್ಯಗಳು ಸುತ್ತ ಬೆಳಕಿನಂತೆ ಕವಿದುಕೊಳ್ಳುತ್ತವೆ. ಕಥೆ ಹೇಳುವವನಿಗೆ ಮಾತ್ರ ಆ ಉಪಚಾರವಿಲ್ಲ, ಕೆಳಗೊಂದು ಆರ್ಗನ್, ಒಂದು ಚೆಲ್ಲೋ, ಅಷ್ಟೇ. ಮೂರು ಗಂಟೆಯ ಆಸುಪಾಸಿನ ಕೃತಿಯನ್ನು ಅವನು ಅಷ್ಟರ ಮೇಲೆಯೇ ನಡೆಸಬೇಕು.

ಹಾರ್ನನ್‌ಕೂರ್ ತಂಡದ 1970ರ ಧ್ವನಿಮುದ್ರಣದಲ್ಲಿ ಎಕ್ವಿಲುಟ್ಸ್ ಅದನ್ನು ಹೇಗೆ ನಡೆಸುತ್ತಾರೆಂಬುದಕ್ಕೆ ಒಂದು ಜಾಗವನ್ನು ಹೇಳುತ್ತೇನೆ. ಪೇತ್ರ ಮೂರು ಸಲ ಯೇಸುವನ್ನು ಅರಿಯೆನೆಂದು ಹೇಳಿ, ಕೋಳಿ ಕೂಗಿ, ಹೊರಗೆ ಹೋಗಿ ಅಳುವ ಪ್ರಸಂಗ. ಅಲ್ಲಿಯವರೆಗೆ ಪಂಚಾಯಿತಿಯಲ್ಲಿ ಸಾಕ್ಷಿ ಹೇಳುವವರ ಹಾಗೆ ಒಂದೇ ಹದದಲ್ಲಿ ಬಂದ ದನಿ, ‘ಅತ್ತನು’ ಎಂಬ ಪದಕ್ಕೆ ಬಂದಾಗ ಮೇಲೇರಿ ತೆಳ್ಳಗಾಗುತ್ತದೆ, ಆದರೆ ಒಡೆಯುವುದಿಲ್ಲ. ಅವರು ಅಳುವುದಿಲ್ಲ, ಒಬ್ಬ ಅತ್ತದ್ದನ್ನು ಕಂಡವರಾಗಿ ಹೇಳುತ್ತಾರೆ. ಇದೇ ಮಾತು ಬಾಖ್‌ನ ಯೋಹಾನ ಪ್ಯಾಶನ್‌ನಲ್ಲೂ ಬರುತ್ತದೆ. ಯೋಹಾನನ ಸುವಾರ್ತೆಯಲ್ಲಿ ಈ ಅಳುವೇ ಇಲ್ಲದಿದ್ದರೂ ಬಾಖ್ ಅದನ್ನು ಮತ್ತಾಯನಿಂದ ತಂದು ಸೇರಿಸಿದ್ದಾನೆ, ಅಲ್ಲದೆ ಅರ್ಧರ್ಧ ಸ್ವರವಾಗಿ ಜಾರುವ ಉದ್ದನೆಯ ಎಳೆತವನ್ನೂ ಅದಕ್ಕೆ ಕೊಟ್ಟಿದ್ದಾನೆ. 1965ರಲ್ಲಿ ಎಕ್ವಿಲುಟ್ಸ್ ಅದನ್ನೂ ಹಾಡಿದ್ದಾರೆ. ಎರಡನ್ನೂ ಒಂದರ ಹಿಂದೊಂದು ಕೇಳುವ ಸೌಕರ್ಯ ಈ ಆ್ಯಪ್‌ನಿಂದ ಸಿಕ್ಕಿತು. ಅದಕ್ಕೆ ನಾನು ಋಣಿ.

ತಕರಾರು ಶುರುವಾಗುವುದು ಹುಡುಕುವಲ್ಲಿ. ಎಕ್ವಿಲುಟ್ಸ್ ಎಂದು ಹೆಸರು ಕೊಟ್ಟರೆ ಆ್ಯಪ್ ತೋರಿಸುವುದು ಬೆರಳೆಣಿಕೆಯ ತುಣುಕುಗಳನ್ನು ಮಾತ್ರ. 1971ರಲ್ಲಿ ಆರಂಭವಾಗಿ ಮುಗಿಯಲು ಸುಮಾರು ಎರಡು ದಶಕ ಹಿಡಿದ ಬಾಖ್ ಕ್ಯಾಂಟಾಟಾಗಳ (ಹೆಚ್ಚಾಗಿ ಚರ್ಚಿಗೆಂದು ಬರೆದ, ವಾದ್ಯಗಳೊಂದಿಗೆ ಹಾಡುವ ಚಿಕ್ಕ ಕೃತಿಗಳು) ಸಂಪೂರ್ಣ ಮಾಲಿಕೆ, ಹಾರ್ನನ್‌ಕೂರ್ ಮತ್ತು ಗುಸ್ತಾವ್ ಲಿಯೊನ್‌ಹಾರ್ಟ್ ಹಂಚಿಕೊಂಡು ನಿರ್ವಹಿಸಿದ್ದು, ಅದೇ ಆ್ಯಪ್‌ನಲ್ಲಿದೆ, ಅದರ ಬಹುಪಾಲು ಟೆನರ್ ಹಾಡುಗಳು ಇವರವೇ. ಆದರೆ ಕಲಾವಿದರ ಜಾಗದಲ್ಲಿ ಬಾಖ್‌ನ ಹೆಸರು, ನಿರ್ದೇಶಕರ ಹೆಸರು, ತಂಡದ ಹೆಸರು, ಹಾಡಿದವರ ಹೆಸರಿಲ್ಲ. ಮ್ಯಾಥ್ಯೂ ಪ್ಯಾಶನ್‌ನ ಪ್ರತಿ ತುಣುಕಿನ ಶೀರ್ಷಿಕೆಯೂ ಕೃತಿಯ ಹೆಸರು ಮತ್ತು ಬಾಖ್ ಕೃತಿಗಳ ಪಟ್ಟಿಯಲ್ಲಿ ಅದರ ಕ್ರಮಾಂಕವಾದ 244ರಿಂದಲೇ ಶುರುವಾಗುವುದರಿಂದ, ಫೋನಿನ ಪರದೆಯ ಅಗಲಕ್ಕೆ ಅಷ್ಟೇ ಹಿಡಿದು, ಅರವತ್ತಕ್ಕೂ ಮಿಕ್ಕಿದ ಸಾಲುಗಳು ಒಂದೇ ತೆರನಾಗಿ ನಿಲ್ಲುತ್ತವೆ. ಪೇತ್ರನ ಅಳು ಎಷ್ಟನೆಯ ಸಾಲೆಂದು ನಾನು ಕ್ಯಾಲೆಂಡರಿನ ಹಿಂಬದಿ ಬರೆದಿಟ್ಟುಕೊಂಡಿದ್ದೇನೆ. 1970ರ ಆ ಮುದ್ರಣದಲ್ಲಿ ಇನ್ನೊಬ್ಬ ಟೆನರ್ ಕೂಡ ಇದ್ದಾರೆ. ಬಿಡಿ ಹಾಡುಗಳನ್ನು ಹಾಡಿದವರು ನೈಜೆಲ್ ರಾಜರ್ಸ್, ಬಿರುಸಾದ ಅಲಂಕಾರಗಳಿಗೆ ಹೆಸರಾದವರು. ಯಾವುದು ಯಾರ ದನಿ ಎಂದು ತಿಳಿಸುವ ಒಂದಕ್ಷರವೂ ಆ್ಯಪ್‌ನಲ್ಲಿಲ್ಲ. ಸಾಹಿತ್ಯವೂ ಇಲ್ಲ, ಜರ್ಮನ್ ಬಾರದ ನಾನು ಕನ್ನಡ ಬೈಬಲನ್ನು ತೊಡೆಯ ಮೇಲಿಟ್ಟುಕೊಂಡು ಮತ್ತಾಯನ ಇಪ್ಪತ್ತಾರು, ಇಪ್ಪತ್ತೇಳನೆಯ ಅಧ್ಯಾಯಗಳನ್ನು ಬೆರಳಿಟ್ಟು ಹಿಂಬಾಲಿಸುತ್ತೇನೆ, ಮತ್ತು ಇದು ಆಶ್ಚರ್ಯವೆನಿಸುವಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ.

ಇನ್ನೊಂದು ದೋಷ ಇದಕ್ಕಿಂತ ಕೆಟ್ಟದ್ದು. ಒಂದು ತುಣುಕು ಮುಗಿದು ಮತ್ತೊಂದು ಶುರುವಾಗುವ ಮುನ್ನ ಒಂದು ಕ್ಷಣದ ತಡೆ ಬೀಳುತ್ತದೆ. ಸಿನಿಮಾ ಹಾಡಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಪೇತ್ರನ ಅಳುವಿನ ಬೆನ್ನಿಗೇ ಒಂಟಿ ಪಿಟೀಲು ‘ಕರುಣೆ ತೋರು’ ಎಂಬ ಹಾಡನ್ನು ಎತ್ತಿಕೊಳ್ಳಬೇಕಾದ ಕಡೆ ಆ ತಡೆ ಬಿದ್ದರೆ, ಮಂಗಳಾರತಿಯ ಹೊತ್ತಿಗೆ ಕರೆಂಟು ಹೋದಂತಾಗುತ್ತದೆ. ಸೆಟ್ಟಿಂಗಿನಲ್ಲಿ ಸರಿಪಡಿಸಬಹುದೆಂದು ಸಹಾಯವಾಣಿಯವರು ಹೇಳಿದರು. ಅವರು ಹೇಳಿದ ಗುಂಡಿ ನನ್ನ ಫೋನಿನಲ್ಲಿ ಇರಲಿಲ್ಲ.

ಧ್ವನಿಯ ಗುಣಮಟ್ಟದ ಬಗ್ಗೆ ದೂರಿಲ್ಲ. ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್‌ವರ್ಕಿನ ಹಂಗೂ ಇಲ್ಲ. ಅಶೋಕ ರಸ್ತೆಯ ರೈಲ್ವೆ ಗೇಟು ಹಾಕಿದಾಗ ಕಾರಿನಲ್ಲಿ ಕುಳಿತು ನಾನು ಕೇಳಿ ಮುಗಿಸಿದ ಕ್ಯಾಂಟಾಟಾಗಳು ಕಡಿಮೆಯೇನಲ್ಲ.

ಚಂದಾ ಸಾರ್ಥಕವಾಯಿತೆನಿಸಿದ್ದು 1985ರ ಮುದ್ರಣ ಸಿಕ್ಕ ದಿನ. ಅದೇ ಕೃತಿ, ಅದೇ ಹಾರ್ನನ್‌ಕೂರ್, ಅದೇ ಎಕ್ವಿಲುಟ್ಸ್. ಆದರೆ ವಾದ್ಯವೃಂದ ಆಮ್‌ಸ್ಟರ್‌ಡ್ಯಾಮಿನ ಕೊನ್ಸರ್ಟ್‌ಗೆಬೌ, ವಾದ್ಯಗಳು ಈ ಕಾಲದವು, ಆದ್ದರಿಂದ ಶ್ರುತಿಯೂ ಮೇಲೆ. ಗಾಯಕನ ವಯಸ್ಸಿಗೆ ಹದಿನೈದು ವರ್ಷ ಕೂಡಿದಾಗ ಶ್ರುತಿ ಇಳಿಸುವುದು ನಮ್ಮಲ್ಲಿ ವಾಡಿಕೆ, ಇಲ್ಲಿ ಏರಿದೆ. ಮೇಲಿನ ಸ್ವರಗಳಲ್ಲಿ ದನಿ ಒಣಗಿರುವುದು ಕೇಳಿಸುತ್ತದೆ. ಆದರೆ ಪೇತ್ರನ ಅಳುವಿಗೆ ಮುನ್ನ, ಯೇಸುವಿನ ಮಾತು ಅವನಿಗೆ ನೆನಪಾಯಿತೆನ್ನುವಲ್ಲಿ, ಅವರು ಮೊದಲಿಗಿಂತ ನಿಧಾನಿಸುತ್ತಾರೆ, ನೆನಪು ತಮ್ಮದೇ ಎಂಬಷ್ಟು. ನನಗೆ ಇದೇ ಹೆಚ್ಚು ಇಷ್ಟ. ಗೆಳೆಯರೊಬ್ಬರಿಗೆ ಎರಡನ್ನೂ ಕೇಳಿಸಿದೆ. ಅವರು 1970ರದ್ದೇ ಸರಿ ಎಂದು ಹಟ ಹಿಡಿದರು.

ಗಾಯಕರ ಹೆಸರು ಸೇರಿಸಿರೆಂದು ಮೂರು ಸಲ ಬರೆದಿದ್ದೇನೆ, ಮೂರು ಸಲವೂ ಧನ್ಯವಾದ ಬಂದಿದೆ. ಮುಂದಿನ ತಿಂಗಳು ಚಂದಾ ಮುಗಿಯುತ್ತದೆ. ಮತ್ತೆ ಕಟ್ಟುತ್ತೇನೆ, ಆದರೆ ವರ್ಷದ್ದಲ್ಲ, ಮೂರು ತಿಂಗಳದ್ದು. ಕ್ಯಾಂಟಾಟಾಗಳು ಇನ್ನೂ ನೂರರ ಮೇಲೆ ಉಳಿದಿವೆ.