ಮ್ಯಾನಫಿ ಬೇಕಾದರೆ ಯಾವ ದಾರಿ? ಆರ್ಸಿಯಸ್, ಹೋಮ್, ಹಳೇ ಡಿಎಸ್ ಮೊಟ್ಟೆ: ಆಡಿ ನೋಡಿದ ಹೋಲಿಕೆ

ಪೋಕೆಮಾನ್ ಗೇಮುಗಳಲ್ಲಿ ಅಪರೂಪದ ಕಡಲಪ್ರಾಣಿ ಮ್ಯಾನಫಿ ಬೇಕಿದ್ದರೆ ಇವತ್ತಿನ ಮಟ್ಟಿಗೆ ನಿಂಟೆಂಡೊ ಸ್ವಿಚ್‌ನ ಲೆಜೆಂಡ್ಸ್ ಆರ್ಸಿಯಸ್ ಗೇಮ್ ತಗೊಳ್ಳಿ. ಉಳಿದ ದಾರಿಗಳು ಒಂದೋ ಮುಚ್ಚಿಹೋಗಿವೆ, ಇಲ್ಲವೇ ಇಂಟರ್‌ನೆಟ್ ಬೇಡುತ್ತವೆ, ಇಲ್ಲವೇ ಎರಡೆರಡು ಮಶೀನು ಕೇಳುತ್ತವೆ. ಮೂಡಿಗೆರೆ, ಸಕಲೇಶಪುರದ ಕಡೆ ಮಳೆ ಹಿಡಿದರೆ ಹೋದ ಕರೆಂಟು ಯಾವಾಗ ಬರುತ್ತದೋ ಹೇಳಲಾಗದು. ಟವರಿನ ಬ್ಯಾಟರಿ ಮುಗಿದರೆ ಫೋನಿನಲ್ಲಿ ಒಂದು ಕಡ್ಡಿಯೂ ನಿಲ್ಲುವುದಿಲ್ಲ. ಅಂಥ ಕಡೆ ಆಡುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಹಾಸನ ಪೇಟೆಯೊಳಗೆ ಫೈಬರ್ ಹಾಕಿಸಿಕೊಂಡವರಿಗೆ ಲೆಕ್ಕ ಸ್ವಲ್ಪ ಬೇರೆ, ಅದನ್ನು ಹೋಮ್ (ಪೋಕೆಮಾನ್‌ಗಳನ್ನು ನೆಟ್‌ನಲ್ಲಿಟ್ಟು ಗೇಮಿನಿಂದ ಗೇಮಿಗೆ ಸಾಗಿಸುವ ಆ್ಯಪ್) ವಿಷಯ ಬಂದಾಗ ನೋಡೋಣ.

ಮೊದಲು ಪ್ರಾಣಿಯ ಬಗ್ಗೆ ಎರಡು ಮಾತು. ಎಲ್ಲ ಪೋಕೆಮಾನ್‌ಗಳ ಪಟ್ಟಿಯಾದ ರಾಷ್ಟ್ರೀಯ ಪೋಕೆಡೆಕ್ಸ್‌ನಲ್ಲಿ ಮ್ಯಾನಫಿಯ ಸಂಖ್ಯೆ 490, ಜಾತಿ ಬರೀ ನೀರು. ಎತ್ತರ 0.3 ಮೀಟರ್, ತೂಕ 1.4 ಕೆಜಿ. ಹಳೇಬೀಡಿನ ಗೋಡೆಯ ಪಟ್ಟಿಕೆಯಲ್ಲಿ ಸಾಲುಗಟ್ಟಿದ ಮಕರ ನೋಡಿದವರಿಗೆ ಕಡಲಿನ ಪುರಾಣಪ್ರಾಣಿ ಇಷ್ಟು ಪುಟ್ಟದೇ ಅನ್ನಿಸಬಹುದು. ಆದರೆ ಆರು ಸ್ಟ್ಯಾಟ್‌ಗಳೂ (ಬಲದ ಅಂಕಿಗಳು) ತಲಾ 100, ಒಟ್ಟು 600. ಇದರ ಜೊತೆಗಾರ ಫಿಯೋನಿ, ಸಂಖ್ಯೆ 489, ತಲಾ 80, ಒಟ್ಟು 480. ಮ್ಯಾನಫಿಯನ್ನು ಡಿಟ್ಟೊ (ಬಹುತೇಕ ಎಲ್ಲದರ ಜೊತೆಯೂ ಮೊಟ್ಟೆ ಇಡುವ ಪೋಕೆಮಾನ್) ಜೊತೆ ಬಿಟ್ಟರೆ ಹುಟ್ಟುವುದು ಫಿಯೋನಿ. ಆ ಫಿಯೋನಿ ಎಷ್ಟು ಲೆವೆಲ್ ಏರಿದರೂ ಮ್ಯಾನಫಿ ಆಗುವುದಿಲ್ಲ. ಮಿಥಿಕಲ್ ಎಂಬ ಅತಿ ಅಪರೂಪದ ಗುಂಪಿನಲ್ಲಿ ಮೊಟ್ಟೆ ಇಡಿಸಬಹುದಾದವು ಇವೆರಡೇ.

ಲೆಜೆಂಡ್ಸ್ ಆರ್ಸಿಯಸ್ (2022)

ಇದರಲ್ಲಿ ಮ್ಯಾನಫಿಗೆ ಕೊನೆಯ ದಿನಾಂಕ ಎಂಬುದಿಲ್ಲ. ಗಿಫ್ಟ್ ಕೋಡ್ ಬೇಡ, ಹಳೆಯ ಗೇಮಿನ ಸೇವ್ ಬೇಡ. ಇದೇ ಗೇಮಿನ ಬೇರೆ ಮಿಥಿಕಲ್‌ಗಳಲ್ಲಿ ಡಾರ್ಕ್‌ರೈಗೆ ಬ್ರಿಲಿಯಂಟ್ ಡೈಮಂಡ್ ಅಥವಾ ಶೈನಿಂಗ್ ಪರ್ಲ್ ಸೇವ್ ಬೇಕು, ಶೇಮಿನ್‌ಗೆ ಸ್ವೋರ್ಡ್ ಅಥವಾ ಶೀಲ್ಡ್ ಸೇವ್ ಬೇಕು. ಮ್ಯಾನಫಿಗೆ ಆ ತಾಪತ್ರಯ ಇಲ್ಲ. ಕಥೆ ಸಾಕಷ್ಟು ಮುಂದೆ ಸಾಗಿದ ಮೇಲೆ ಪ್ರೊಫೆಸರ್ ಲ್ಯಾವೆಂಟನ್ ಅವರ ಕರಿಹಲಗೆಯಲ್ಲಿ 66ನೇ ರಿಕ್ವೆಸ್ಟ್ ಬರುತ್ತದೆ, ಹೆಸರು ದಿ ಸೀಸ್ ಲೆಜೆಂಡ್. ಅದರ ಒಗಟು ಬಿಡಿಸಲು ಮೂರು ಪೋಕೆಮಾನ್ ಕೈಯಲ್ಲಿರಬೇಕು: ಬುಯ್ಜೆಲ್, ಮ್ಯಾಂಟೈಕ್, ಓವರ್‌ಕ್ವಿಲ್.

ಬುಯ್ಜೆಲ್ ಅಬ್ಸಿಡಿಯನ್ ಫೀಲ್ಡ್‌ಲ್ಯಾಂಡ್ಸ್‌ನ ನೀರಿನ ಅಂಚಿನಲ್ಲಿ ಆರಂಭದಲ್ಲೇ ಸಿಗುತ್ತದೆ. ಮ್ಯಾಂಟೈಕ್ ಕೋಬಾಲ್ಟ್ ಕೋಸ್ಟ್‌ಲ್ಯಾಂಡ್ಸ್‌ನ ಕಡಲಲ್ಲಿ ಈಜುತ್ತಿರುತ್ತದೆ. ಸಮಯ ತಿನ್ನುವುದು ಓವರ್‌ಕ್ವಿಲ್. ಹಿಸುಯಿಯ (ಈ ಗೇಮ್ ನಡೆಯುವ ನಾಡು) ಕ್ವಿಲ್‌ಫಿಶ್ ಹಿಡಿದು, ಅದು ಓವರ್‌ಕ್ವಿಲ್ ಆಗಿ ಬದಲಾಗಲು ಅದರ ಬಾರ್ಬ್ ಬರಾಜ್ ದಾಳಿಯನ್ನು ಸ್ಟ್ರಾಂಗ್ ಸ್ಟೈಲಿನಲ್ಲಿ 20 ಸಲ ಪ್ರಯೋಗಿಸಬೇಕು. ಆ ದಾಳಿಯಲ್ಲಿ ಅದು ಪಳಗುವ ತನಕ ಸ್ಟ್ರಾಂಗ್ ಸ್ಟೈಲ್ ಆಯ್ಕೆಯೇ ತೆರೆಯುವುದಿಲ್ಲ, ಹಾಗಾಗಿ ಮೊದಲು ಲೆವೆಲ್ ಏರಿಸಿ. ಪ್ರತಿ ಸ್ಟ್ರಾಂಗ್ ದಾಳಿಗೆ ಎರಡು ಪಿಪಿ (ದಾಳಿ ಎಷ್ಟು ಸಲ ಬಳಸಬಹುದೆಂಬ ಅಂಕ) ಖರ್ಚು. 20 ಸಲಕ್ಕೆ 40 ಆಯಿತು. ನಡುನಡುವೆ ಕ್ಯಾಂಪಿಗೆ ಹೋಗಿ ಟೆಂಟಿನಲ್ಲಿ ವಿಶ್ರಾಂತಿ ಪಡೆಯದೆ ಮುಗಿಯುವ ಕೆಲಸವಲ್ಲ. ಸಾಮಾನ್ಯ ಸ್ಟೈಲ್ ಅಥವಾ ಅಜೈಲ್ ಸ್ಟೈಲಿನಲ್ಲಿ ಹೊಡೆದದ್ದು ಲೆಕ್ಕಕ್ಕೆ ಬಾರದು. ‘ಇಪ್ಪತ್ತಕ್ಕಿಂತ ಜಾಸ್ತಿ ಹೊಡೆದೆ, ಬದಲಾಗಲಿಲ್ಲ’ ಎನ್ನುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಈ ಗೇಮಿನಲ್ಲಿ ರೂಪಾಂತರ ತಾನಾಗಿ ಆಗುವುದೂ ಇಲ್ಲ. ಷರತ್ತು ಮುಗಿದ ಮೇಲೆ ಬ್ಯಾಗ್ ತೆರೆದು ನೀವೇ ಆಯ್ಕೆ ಮಾಡಬೇಕು. ಅದೇ ಕಾರಣಕ್ಕೆ ಬುಯ್ಜೆಲ್ ಲೆವೆಲ್ 26 ದಾಟಿದರೂ ಹೆದರಬೇಕಾಗಿಲ್ಲ, ಬಟನ್ ಒತ್ತದಿದ್ದರೆ ಹಾಗೇ ಉಳಿಯುತ್ತದೆ.

ಮೂರೂ ಸಿಕ್ಕಿದ ಮೇಲೆ ಅವನ್ನು ಪಾರ್ಟಿಯಲ್ಲೇ (ಜೊತೆಗೊಯ್ಯುವ ತಂಡ) ಇಟ್ಟುಕೊಳ್ಳಿ, ಪಾಸ್ಚರಿನಲ್ಲಿ (ಉಳಿದವನ್ನು ಬಿಡುವ ಜಾಗ) ಇದ್ದರೆ ಆಗದು. ಕೋಬಾಲ್ಟ್ ಕೋಸ್ಟ್‌ಲ್ಯಾಂಡ್ಸ್‌ನ ಕ್ಯಾಂಪಿನಲ್ಲಿ ‘ಸಂಜೆಯ ತನಕ’ ವಿಶ್ರಾಂತಿ ಪಡೆಯಿರಿ. ಬಾಸ್ಕ್ಯುಲೆಜನ್ ಮೇಲೆ ಕಡಲಿಗೆ ಇಳಿದು, ನೀರಿನಲ್ಲಿ ಎದುರುಬದುರಾಗಿ ನಿಂತ ಎರಡು ಚೂಪು ಬಂಡೆಗಳ ನಡುವೆ ಹಾದುಹೋಗಿ. ಬ್ರೇವಿಯರಿ ಮೇಲೆ ಹಾರಿ ದಾಟುವುದು ನಡೆಯುವುದಿಲ್ಲ. ಕ್ಯಾಂಪಿನಿಂದ ಬಂಡೆಗೆ ಬರುವಷ್ಟರಲ್ಲಿ ದಾರಿಯಲ್ಲಿ ಜಗಳಕ್ಕೆ ನಿಂತರೆ ಸಂಜೆ ಮುಗಿದು ರಾತ್ರಿ ಆಗಿಬಿಡುತ್ತದೆ, ಆಗ ಮತ್ತೆ ಟೆಂಟಿಗೆ. ಎಲ್ಲ ಸರಿ ಕೂಡಿದರೆ ಸೀಸೈಡ್ ಹಾಲೋ ಎಂಬ ಗುಹೆ ತೆರೆಯುತ್ತದೆ. ಒಳಗೆ ಲೆವೆಲ್ 50ರ ಒಂದು ಮ್ಯಾನಫಿ, ಜೊತೆಗೆ ಫಿಯೋನಿಗಳು.

ಒಳಗೆ ಕಾಲಿಡುವ ಮುಂಚೆ ಸೇವ್ ಮಾಡಿ, ಆಟೊಸೇವ್ ಆರಿಸಿಡಿ. ಮ್ಯಾನಫಿಯ ಕ್ಯಾಚ್ ರೇಟ್ (ಕಡಿಮೆಯಾದಷ್ಟೂ ಹಿಡಿಯುವುದು ಕಷ್ಟ) ಬರೀ 3, ಫಿಯೋನಿಯದು 30. ಎದುರಿನಿಂದ ಬಾಲ್ ಎಸೆಯುವುದರಲ್ಲಿ ಅರ್ಥವಿಲ್ಲ. ಬಗ್ಗಿ ಹಿಂಬದಿಗೆ ಹೋಗಿ, ಅದು ಇನ್ನೂ ನೋಡಿಲ್ಲ ಎನ್ನುವಾಗ ಲೆಡನ್ ಅಥವಾ ಗಿಗಾಟನ್ ಬಾಲ್ ಎಸೆದರೆ ಲಾಭ. ಇವು ತೂಕದ ಬಾಲ್, ದೂರ ಹಾರವು, ಹತ್ತಿರ ಹೋಗಲೇಬೇಕು. ಕಾಳಗಕ್ಕೆ ಬಿದ್ದರೆ ಕರೆಂಟಿನ ಮತ್ತು ಗಿಡದ ದಾಳಿ ಎರಡೂ ಇದರ ದೌರ್ಬಲ್ಯ. ದೊಡ್ಡ ಲೆವೆಲ್ಲಿನ ಲಕ್ಸ್‌ರೇ ಬಿಟ್ಟರೆ ಹಿಡಿಯುವ ಮೊದಲೇ ಕೆಡವಿಬಿಡುತ್ತದೆ.

ಈ ದಾರಿಯ ಕೊರತೆಗಳೂ ಇವೆ. ಇಲ್ಲಿನ ಮ್ಯಾನಫಿ ಶೈನಿ (ಅಪರೂಪದ ಬೇರೆ ಬಣ್ಣದ ರೂಪ) ಆಗುವುದೇ ಇಲ್ಲ, ಗೇಮಿನಲ್ಲೇ ಬೀಗ ಹಾಕಿದ್ದಾರೆ. ಹಿಸುಯಿಯಲ್ಲಿ ಎಬಿಲಿಟಿ (ಕಾಳಗದಲ್ಲಿ ತಾನಾಗಿ ಕೆಲಸ ಮಾಡುವ ಹುಟ್ಟುಗುಣ) ಇಲ್ಲ, ಮೊಟ್ಟೆ ಇಡಿಸುವ ವ್ಯವಸ್ಥೆಯೂ ಇಲ್ಲ. ಹಿಡಿದ ಬಾಲ್ ಬೇರೆ ಗೇಮಿಗೆ ಹೋದಾಗ ಸ್ಟ್ರೇಂಜ್ ಬಾಲ್ ಆಗಿ ಕಾಣುತ್ತದೆ. ಬಾಲ್ ಹೊಂದಿಸಿ ಸಂಗ್ರಹಿಸುವವರಿಗೆ ಇದು ಕಿರಿಕಿರಿ. ಆದರೆ ಲೆವೆಲ್ 50ಕ್ಕೆ ಸಿಗುವುದರಿಂದ ಸ್ಕಾರ್ಲೆಟ್, ವಯಲೆಟ್ ಗೇಮುಗಳಿಗೆ ಕಳಿಸಿದ ಕೂಡಲೇ ಹುಟ್ಟಿನ ಅಂಕಿಗಳನ್ನು ಗರಿಷ್ಠಕ್ಕೆ ಏರಿಸುವ ಹೈಪರ್ ಟ್ರೇನಿಂಗ್‌ಗೆ ಅರ್ಹ. ಬ್ರಿಲಿಯಂಟ್ ಡೈಮಂಡಿನಲ್ಲಾದರೆ ಅದಕ್ಕೆ ಲೆವೆಲ್ 100 ಬೇಕು. ಹಿಡಿಯುವ ತನಕ ಒಂದು ಎಂಬಿ ಡೇಟಾ ಖರ್ಚಿಲ್ಲ. ಸ್ವಿಚ್ ಲೈಟ್ ಆದರೆ ಕರೆಂಟಿಲ್ಲದೆ 3ರಿಂದ 7 ಗಂಟೆ, ಓಲೆಡ್ ಆದರೆ 4.5ರಿಂದ 9 ಗಂಟೆ ಆಡಬಹುದು ಎಂದು ಕಂಪನಿಯ ಲೆಕ್ಕ. ಬ್ರೈಟ್‌ನೆಸ್ ತಗ್ಗಿಸಿ ಏರೋಪ್ಲೇನ್ ಮೋಡಿಗೆ ಹಾಕಿದರೆ ಅದಕ್ಕೆ ಹತ್ತಿರ ಬರುತ್ತದೆ.

ಬ್ರಿಲಿಯಂಟ್ ಡೈಮಂಡ್, ಶೈನಿಂಗ್ ಪರ್ಲ್ (2021)

ಮೊಟ್ಟೆ ಸುಲಭವಾಗಿ ಸಿಗುತ್ತಿತ್ತು, ಈಗಿಲ್ಲ. 2021ರ ನವೆಂಬರ್ 19ಕ್ಕೆ ಗೇಮ್ ಬಂದಾಗ ಮಿಸ್ಟರಿ ಗಿಫ್ಟಿನಲ್ಲಿ ಮ್ಯಾನಫಿ ಮೊಟ್ಟೆ ಕೊಟ್ಟರು, 2022ರ ಫೆಬ್ರುವರಿ 21ಕ್ಕೆ ನಿಲ್ಲಿಸಿದರು. ಸೆಕೆಂಡ್ ಹ್ಯಾಂಡ್ ಕಾರ್ಡ್ ಮಾರುವವರು ‘ಮ್ಯಾನಫಿ ಇದೆ’ ಎಂದರೆ ನಂಬಬೇಡಿ. ಸ್ವಿಚ್‌ನಲ್ಲಿ ಸೇವ್ ಇರುವುದು ಕಾರ್ಡಿನಲ್ಲಲ್ಲ, ಮಶೀನಿನ ಒಳಗೆ. ಕಾರ್ಡ್ ಬಂದರೂ ಹಿಂದಿನವರ ಮ್ಯಾನಫಿ ಅವರ ಸ್ವಿಚ್‌ನಲ್ಲೇ ಉಳಿಯುತ್ತದೆ.

ಹಾಗಂತ ಈ ಗೇಮ್ ವ್ಯರ್ಥವಲ್ಲ, ಮುಂದೆ ಫಿಯೋನಿಗೂ ಹೋಮ್‌ಗೂ ಬೇಕಾಗುತ್ತದೆ.

ಹಳೇ ಡಿಎಸ್ ದಾರಿ

ಡಿಎಸ್ ಎಂದರೆ ನಿಂಟೆಂಡೊದ ಹಳೇ ಕೈ ಮಶೀನು. ಮೂಲ ಮ್ಯಾನಫಿ ಬಂದದ್ದು ಹೀಗೆ: 2006ರ ಪೋಕೆಮಾನ್ ರೇಂಜರ್ ಗೇಮಿನಲ್ಲಿ ವಿಶೇಷ ಮಿಷನ್ ಮುಗಿಸಿ ಸಿಕ್ಕ ಮೊಟ್ಟೆಯನ್ನು ಇನ್ನೊಂದು ಡಿಎಸ್‌ನಲ್ಲಿರುವ ಡೈಮಂಡ್ ಅಥವಾ ಪರ್ಲ್‌ಗೆ ವೈರ್‌ಲೆಸ್ಸಿನಲ್ಲಿ ಕಳಿಸುವುದು. ಪೋಕೆ ಮಾರ್ಟಿನಲ್ಲಿ ನಿಂತ ಡೆಲಿವರಿಯವನಿಂದ ಮೊಟ್ಟೆ ತಗೊಳ್ಳಲು ಪಾರ್ಟಿಯಲ್ಲಿ ಒಂದು ಜಾಗ ಖಾಲಿ ಇರಬೇಕು. ನಂತರ ಸುಮಾರು 2,500 ಹೆಜ್ಜೆ ನಡೆದರೆ ಒಡೆಯುತ್ತದೆ. ಮ್ಯಾನಫಿ ಲೆವೆಲ್ 1ರಲ್ಲೇ ಟೇಲ್ ಗ್ಲೋ ಎಂಬ ವಿದ್ಯೆ ತಿಳಿದು ಹುಟ್ಟುತ್ತದೆ, ಹಾರ್ಟ್ ಸ್ವಾಪ್‌ಗೆ ಮಾತ್ರ 76ರ ತನಕ ಕಾಯಬೇಕು.

ತೊಂದರೆ ಏನೆಂದರೆ ಒಂದು ರೇಂಜರ್ ಕಾರ್ಟ್ರಿಜ್‌ಗೆ ಒಂದೇ ಮೊಟ್ಟೆ. ಮೊದಲು ಕೊಂಡವರು ಕಳಿಸಿಬಿಟ್ಟಿದ್ದರೆ ಸೇವ್ ಅಳಿಸಿ ಹೊಸದಾಗಿ ಆಡಿದರೂ ಮತ್ತೊಂದು ಬರುವುದಿಲ್ಲ, ಕೊಳ್ಳುವ ಮುಂಚೆ ಪರೀಕ್ಷಿಸುವ ಸುಲಭ ಉಪಾಯವೂ ಇಲ್ಲ. ಎರಡು ಮಶೀನು, ಎರಡು ಅಸಲಿ ಕಾರ್ಟ್ರಿಜ್, ಅದರ ಮೇಲೆ ಅದೃಷ್ಟ. ಮೊಟ್ಟೆ ಒಡೆದ ಮೇಲೂ ಅದನ್ನು ಈಗಿನ ಗೇಮಿಗೆ ತರುವ ದಾರಿ ಉದ್ದ: ಡೈಮಂಡ್‌ನಿಂದ ಬ್ಲ್ಯಾಕ್ ಅಥವಾ ವೈಟ್‌ಗೆ, ಅಲ್ಲಿಂದ 3ಡಿಎಸ್‌ನ ಟ್ರಾನ್ಸ್‌ಪೋರ್ಟರ್ ಆ್ಯಪ್ ಮೂಲಕ ಪೋಕೆಮಾನ್ ಬ್ಯಾಂಕ್ ಎಂಬ ಆನ್‌ಲೈನ್ ಸಂಗ್ರಹಕ್ಕೆ, ಆಮೇಲೆ ಹೋಮ್‌ಗೆ. 3ಡಿಎಸ್ ಅಂಗಡಿ 2023ರ ಮಾರ್ಚ್ 27ಕ್ಕೆ ಮುಚ್ಚಿದೆ. ಅಷ್ಟರೊಳಗೆ ಬ್ಯಾಂಕ್ ಇಳಿಸಿಕೊಂಡವರಿಗೆ ಅದು ಈಗ ಉಚಿತ, ಇಳಿಸಿಕೊಳ್ಳದವರಿಗೆ ಬಾಗಿಲು ಇಲ್ಲ. ಮಲೆನಾಡಿನ ತೇವಕ್ಕೆ ಹಳೇ ಕಾರ್ಟ್ರಿಜ್‌ನ ಪಿನ್ನುಗಳು ಬೇಗ ಮಂಕಾಗುತ್ತವೆ ಎನ್ನುವುದು ಇನ್ನೊಂದು ತಲೆನೋವು. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಲ್ಲಿ ಒರೆಸಿ, ಪೂರ್ತಿ ಆರಿಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬಿಯಲ್ಲಿಡಿ. ಬಾಯಲ್ಲಿ ಊದಬೇಡಿ, ಉಸಿರಿನ ತೇವವೇ ಹಾನಿ.

ಹಳೇ ಮಶೀನಿನ ಮೇಲೆ ಮೋಹ ಇದ್ದವರು ಮಾತ್ರ ಈ ದಾರಿ ಹಿಡಿಯಿರಿ.

ಹೋಮ್‌ನ ಶೈನಿ ಮ್ಯಾನಫಿ

ಬ್ರಿಲಿಯಂಟ್ ಡೈಮಂಡ್ ಅಥವಾ ಶೈನಿಂಗ್ ಪರ್ಲ್‌ನ ಸಿನ್ನೋ (ಆ ಗೇಮುಗಳ ನಾಡು) ಪೋಕೆಡೆಕ್ಸ್ ಅನ್ನು ಹೋಮ್‌ನಲ್ಲಿ ತುಂಬಿಸಿದರೆ ಶೈನಿ ಮ್ಯಾನಫಿ ಉಡುಗೊರೆ. ಬಣ್ಣಕ್ಕಾಗಿ ಬೇಕೆಂದರೆ ಇದಕ್ಕಿಂತ ಖಚಿತವಾದದ್ದು ಇಲ್ಲ. ಶ್ರಮ ಮಾತ್ರ ಆರ್ಸಿಯಸ್‌ನ ಎಷ್ಟೋ ಪಾಲು.

ಒಂದೇ ಗೇಮಿನಲ್ಲಿ ಎಲ್ಲ ಸಿಗುವುದಿಲ್ಲ. ಡಯಾಲ್ಗಾ, ಮರ್ಕ್ರೋ, ಸ್ಟಂಕಿ, ಕ್ರೇನಿಡೋಸ್ ಡೈಮಂಡ್ ಕಡೆ. ಪಾಲ್ಕಿಯಾ, ಮಿಸ್‌ಡ್ರೀವಸ್, ಗ್ಲೇಮ್ಯೋ, ಶೀಲ್ಡನ್ ಪರ್ಲ್ ಕಡೆ. ಅಲಕಝಾಮ್, ಮಚಾಂಪ್, ಗೆಂಗಾರ್, ಸ್ಟೀಲಿಕ್ಸ್ ಆಗಬೇಕಾದರೆ ಅದಲುಬದಲು ಮಾಡಲೇಬೇಕು. ಸ್ವಿಚ್ ಇರುವ ಇನ್ನೊಬ್ಬರು ಊರಲ್ಲೇ ಇದ್ದರೆ ಯೂನಿಯನ್ ರೂಮಿನ ಲೋಕಲ್ ವೈರ್‌ಲೆಸ್ ಸಾಕು, ನೆಟ್ ಬೇಡ. ಎದುರು ಬದುರು ಕೂತು ಒಂದೇ ಸಂಜೆ ಈ ಪಟ್ಟಿ ಪೂರಾ ಮುಗಿಸಬಹುದು.

ನೆಟ್ ಬೇಕಾಗುವುದು ಹೋಮ್‌ಗೆ ಸಾಗಿಸುವಾಗ. ಉಚಿತ ಖಾತೆಯಲ್ಲಿ ಒಂದು ಬಾರಿಗೆ 30 ಪೋಕೆಮಾನ್ ಮಾತ್ರ ಇಡಬಹುದು, ಹಣ ಕೊಟ್ಟರೆ 6,000. ಹಣ ಕಟ್ಟಲೇಬೇಕು ಎಂದೇನಿಲ್ಲ: 30 ಒಳಗೆ ಹಾಕಿ ಸೇವ್ ಮಾಡಿ, ಡೆಕ್ಸ್‌ನಲ್ಲಿ ದಾಖಲಾದ ಮೇಲೆ ವಾಪಸ್ ಗೇಮಿಗೆ ಇಳಿಸಿ, ಮುಂದಿನ 30 ಹಾಕಿ. ಐದಾರು ಸರದಿಗೆ ಮುಗಿಯುತ್ತದೆ. ಸರದಿಯ ನಡುವೆ ನೆಟ್ ಹೋದರೆ ಆ ಸರದಿ ಮತ್ತೆ ಮಾಡಬೇಕಾಗುತ್ತದೆ, ಆದ್ದರಿಂದ ಮಳೆ ಬಿಟ್ಟ ಹೊತ್ತು ನೋಡಿಕೊಳ್ಳಿ. ಮೊಟ್ಟೆಗಳನ್ನು ಹೋಮ್ ಒಪ್ಪುವುದಿಲ್ಲ, ಒಡೆಸಿಯೇ ಕಳಿಸಿ. ಉಡುಗೊರೆ ಬರುವುದು ಫೋನಿನ ಹೋಮ್ ಆ್ಯಪ್‌ನ ಮಿಸ್ಟರಿ ಗಿಫ್ಟಿಗೆ. ಸ್ವಿಚ್ ಮತ್ತು ಫೋನು ಎರಡರಲ್ಲೂ ಒಂದೇ ನಿಂಟೆಂಡೊ ಖಾತೆ ಇರಬೇಕು. ಅಣ್ಣನ ಖಾತೆ ಸ್ವಿಚ್‌ನಲ್ಲಿ, ತಮ್ಮನ ಖಾತೆ ಫೋನಿನಲ್ಲಿ ಎಂದರೆ ಡೆಕ್ಸ್ ತುಂಬಿದ್ದೂ ಕಾಣುವುದಿಲ್ಲ.

ಫಿಯೋನಿಯಲ್ಲಿ ತೃಪ್ತಿ ಪಡಬಹುದೇ?

ಕಾಳಗಕ್ಕೆ ಆಗದು. ಸ್ಟ್ಯಾಟ್ ಕಡಿಮೆ ಎಂಬುದಕ್ಕಿಂತ ಟೇಲ್ ಗ್ಲೋ ಇಲ್ಲ, ಹಾರ್ಟ್ ಸ್ವಾಪ್ ಇಲ್ಲ ಎಂಬುದೇ ದೊಡ್ಡ ಕೊರತೆ. ಐದನೇ ತಲೆಮಾರಿನಿಂದ ಟೇಲ್ ಗ್ಲೋ ಒಂದು ಸಲಕ್ಕೆ ಸ್ಪೆಷಲ್ ಅಟ್ಯಾಕನ್ನು ಮೂರು ಹಂತ ಏರಿಸುತ್ತದೆ, ಅಂದರೆ ಎರಡೂವರೆ ಪಟ್ಟು. ಮ್ಯಾನಫಿಯ ಬೆಲೆಯೆಲ್ಲ ಅದರಲ್ಲಿದೆ. ಎರಡಕ್ಕೂ ಇರುವ ಹೈಡ್ರೇಶನ್ ಎಬಿಲಿಟಿ ಮಳೆಯಲ್ಲಿ ರೋಗ ಕಳೆಯುತ್ತದೆ: ರೆಸ್ಟ್ ಮಾಡಿ ಪೂರ್ತಿ ಆರೋಗ್ಯ ತುಂಬಿಕೊಂಡರೆ ಅದೇ ಸರದಿಯ ಕೊನೆಗೆ ಎಚ್ಚರ. ಮಳೆ ಐದು ಸರದಿ ಇರುತ್ತದೆ, ಮಳೆ ತರಿಸಿದವರ ಕೈಯಲ್ಲಿ ಡ್ಯಾಂಪ್ ರಾಕ್ ಇದ್ದರೆ ಎಂಟು. ಮಳೆ ತರಿಸುವ ಡ್ರಿಜಲ್ ಎಬಿಲಿಟಿ ಇರುವ ಪೆಲಿಪರ್ ಜೊತೆ ಹಾಕಿ. ಮಳೆ ನಿಂತ ಮೇಲೆ ರೆಸ್ಟ್ ಒತ್ತಿದರೆ ಮಲಗಿಯೇ ಬಿಡುತ್ತದೆ. ಸ್ಕಾರ್ಲೆಟ್, ವಯಲೆಟ್‌ನಲ್ಲಿ ಇವೆರಡಕ್ಕೂ ಟೇಕ್ ಹಾರ್ಟ್ ಇದೆ, ರೋಗ ಕಳೆದು ಸ್ಪೆಷಲ್ ಅಟ್ಯಾಕ್, ಸ್ಪೆಷಲ್ ಡಿಫೆನ್ಸ್ ಒಂದೊಂದು ಹಂತ ಏರುತ್ತದೆ. ಮಳೆ ತಂಡ ಕಟ್ಟದವರಿಗೆ ಅದು ವಾಸಿ.

ಶೈನಿ ಬೇಟೆಗಾರರಿಗೆ ಮಾತ್ರ ಫಿಯೋನಿ ಮಜಾ ಕೊಡುತ್ತದೆ. ಆರ್ಸಿಯಸ್‌ನಲ್ಲಿ ಹಿಡಿದ ಮ್ಯಾನಫಿಯನ್ನು ಹೋಮ್ ಮೂಲಕ ಬ್ರಿಲಿಯಂಟ್ ಡೈಮಂಡಿಗೆ ತಂದು, ಸೊಲಾಸಿಯನ್ ಊರಿನ ನರ್ಸರಿಯಲ್ಲಿ ಬೇರೆ ಭಾಷೆಯ ಗೇಮಿನ ಡಿಟ್ಟೊ ಜೊತೆ ಬಿಡಿ. ಸಾಮಾನ್ಯ ಸಾಧ್ಯತೆ 4,096ಕ್ಕೆ ಒಂದು. ಬೇರೆ ಭಾಷೆಯ ಜೋಡಿಯಾದರೆ 683ಕ್ಕೆ ಒಂದು, ಅದರ ಜೊತೆಗೆ ಶೈನಿ ಚಾರ್ಮ್ ಎಂಬ ವಸ್ತುವೂ ಇದ್ದರೆ 512ಕ್ಕೆ ಒಂದು. ಆದರೆ ಒಂದೊಂದು ಫಿಯೋನಿ ಮೊಟ್ಟೆಗೂ ಹತ್ತು ಸಾವಿರದ ಆಸುಪಾಸು ಹೆಜ್ಜೆ, ಅಂದರೆ ಮ್ಯಾನಫಿ ಮೊಟ್ಟೆಯ ನಾಲ್ಕು ಪಟ್ಟು. ಫ್ಲೇಮ್ ಬಾಡಿ ಎಬಿಲಿಟಿ ಇರುವ ಪೋಕೆಮಾನ್ ಪಾರ್ಟಿಯಲ್ಲಿ ಇಟ್ಟುಕೊಂಡರೆ ಅರ್ಧಕ್ಕೆ ಇಳಿಯುತ್ತದೆ. ಅದಿಲ್ಲದೆ ಶುರು ಮಾಡಲೇಬೇಡಿ.

ಇನ್ನು ಹಣ ಕೊಟ್ಟು ರೆಡಿ ಮ್ಯಾನಫಿ ಪಡೆಯುವ ವಿಚಾರ. ನಮ್ಮ ಸಲಹೆ ಬೇಡ. ಅದಲುಬದಲಿನಲ್ಲಿ ಬಂದರೂ ಸಮ್ಮರಿ ಪುಟ ತೆರೆದು ನೋಡಿ: ಹಿಸುಯಿಯಲ್ಲಿ ಸಿಕ್ಕಿದ್ದು ಎಂದಿದ್ದರೆ ಲೆವೆಲ್ 50ರಲ್ಲಿ ಸಿಕ್ಕಿರಬೇಕು, ಸ್ಟ್ರೇಂಜ್ ಬಾಲ್ ಇರಬೇಕು. ಸಿನ್ನೋದ್ದು ಎಂದಿದ್ದರೆ ಮೊಟ್ಟೆಯಿಂದ ಬಂದಿರಬೇಕು, ಹುಲ್ಲಿನಲ್ಲಿ ಹಿಡಿದದ್ದಾಗಿ ಬರೆದಿದ್ದರೆ ಸುಳ್ಳು. ಹಿಸುಯಿಯಲ್ಲಿ ಸಿಕ್ಕಿದ ಗುರುತಿದ್ದೂ ಶೈನಿಯಾಗಿ ಮಿನುಗುತ್ತಿದ್ದರೆ ಅದು ಯಾರೋ ಕಂಪ್ಯೂಟರಿನಲ್ಲಿ ಕೂತು ತಯಾರಿಸಿದ್ದು, ವಾಪಸ್ ಕೊಟ್ಟುಬಿಡಿ.